ಹಾಲಹರವಿ ಸೀಮೆಯ ನದಿ, ರಸ್ತೆ, ಶಾಲೆ: ಯಾವ ಪರಿಷತ್ತಿನ ಬಾಗಿಲು ತಟ್ಟಬೇಕು?

ಹಾಲಹರವಿಯು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಮಂಡಲ ಕೇಂದ್ರ. ಆಲೂರು ವಿಧಾನಸಭಾ ಕ್ಷೇತ್ರಕ್ಕೆ ಸೇರಿದ ಈ ಮಂಡಲದ ಆಚೆಗೆ ಕರ್ನಾಟಕದ ಬಳ್ಳಾರಿ ಜಿಲ್ಲೆ. ಎರಡಕ್ಕೂ ಸೇರಿದ ನದಿ ವೇದಾವತಿ, ಅಂದರೆ ನಮ್ಮ ಜನರ ಬಾಯಲ್ಲಿ ಹಗರಿ. ಬಳ್ಳೂರು, ಮೇದೆಹಾಳು, ಬಿಲ್ಲೇಹಾಳು ಎಂಬ ಹೆಸರುಗಳೇ ಇಲ್ಲಿ ನೆಲೆಸಿದವರ ಮಾತು ಯಾವುದೆಂಬುದನ್ನು ಹೇಳುತ್ತವೆ. ಜಿಲ್ಲಾ ಕೇಂದ್ರವಾದ ಕರ್ನೂಲು ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬಳ್ಳಾರಿಯಾದರೋ ಅದರ ಅರ್ಧಕ್ಕಿಂತ ಕಡಿಮೆ. ಕಾಯಿಲೆ ಬಿದ್ದರೆ ವಿಮ್ಸ್ ಎಂದೇ ಇಂದಿಗೂ ಕರೆಯುವ ಬಳ್ಳಾರಿಯ ಆಸ್ಪತ್ರೆ, ಹೆಣ್ಣು ಕೊಟ್ಟು ತರುವ ಸಂಬಂಧಗಳು ಬಳ್ಳಾರಿ ಸಿರುಗುಪ್ಪಗಳ ಕಡೆ. ಅಡಂಗಲ್ ಪ್ರತಿ, ಪಡಿತರ ಚೀಟಿ, ಮತದಾರರ ಪಟ್ಟಿ ಎಲ್ಲವೂ ಆಂಧ್ರದ ಕಡೆ.

ಹೀಗಿರುವ ಸೀಮೆಯಲ್ಲಿ ಹೊಳೆಯ ಮರಳು ಬರಿದಾದರೆ, ಕಾಲುವೆಗೆ ನೀರು ಬಾರದಿದ್ದರೆ, ಬಸ್ಸು ನಿಂತುಹೋದರೆ, ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬಾರದಿದ್ದರೆ ಯಾರನ್ನು ಕೇಳಬೇಕೆಂಬ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ಹೆಸರಿನಲ್ಲಿ ಪರಿಷತ್ತು ಎಂದಿರುವ ಮೂರು ಸಂಸ್ಥೆಗಳು ಈ ವಿಷಯಗಳಿಗೆ ಸಂಬಂಧಪಡುತ್ತವೆ: ಮಂಡಲ ಪ್ರಜಾ ಪರಿಷತ್ತು, ಜಿಲ್ಲಾ ಪ್ರಜಾ ಪರಿಷತ್ತು, ಹಾಗೂ ಹೆಚ್ಚಿನವರು ಹೆಸರನ್ನೂ ಕೇಳಿರದ ದಕ್ಷಿಣ ವಲಯ ಪರಿಷತ್ತು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಅಧಿಕಾರವಿದೆ, ಎಲ್ಲಿ ಇಲ್ಲ ಎಂಬುದನ್ನು ತಿಳಿಸುವುದು ಈ ಬರಹದ ಉದ್ದೇಶ.

ಬಳ್ಳಾರಿಯಿಂದ ಕರ್ನೂಲಿಗೆ

1953ರ ಅಕ್ಟೋಬರ್ 1ರವರೆಗೆ ಆಲೂರು, ಆದೋನಿ, ರಾಯದುರ್ಗ ತಾಲೂಕುಗಳು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ರಸ್ತೆ, ಶಾಲೆ, ಔಷಧಾಲಯಗಳ ಹೊಣೆ ಬಳ್ಳಾರಿಯ ಜಿಲ್ಲಾ ಬೋರ್ಡಿನದಾಗಿತ್ತು. ಆಂಧ್ರ ರಾಜ್ಯ ಹುಟ್ಟಿದ ದಿನ ಈ ಮೂರು ತಾಲೂಕುಗಳು ಅದರ ಪಾಲಾದವು. ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು. ಆಲೂರು, ಆದೋನಿಗಳನ್ನು ಕರ್ನೂಲು ಜಿಲ್ಲೆಗೂ ರಾಯದುರ್ಗವನ್ನು ಅನಂತಪುರ ಜಿಲ್ಲೆಗೂ ಜೋಡಿಸಲಾಯಿತು. ಆಗ ಕರ್ನೂಲೇ ಹೊಸ ರಾಜ್ಯದ ರಾಜಧಾನಿ. ಬಳ್ಳಾರಿಗೆ ಮುಖಮಾಡಿ ಬೆಳೆದಿದ್ದ ರಸ್ತೆಗಳು, ಸಂತೆಗಳು, ಶಾಲೆಗಳು ಒಂದೇ ರಾತ್ರಿಯಲ್ಲಿ ಬೆನ್ನು ತಿರುಗಿಸಿ ನಿಂತಂತಾಯಿತು.

1959ರ ನವೆಂಬರಿನಲ್ಲಿ ಆಂಧ್ರಪ್ರದೇಶದಲ್ಲಿ ಪಂಚಾಯಿತಿ ಸಮಿತಿ, ಜಿಲ್ಲಾ ಪರಿಷತ್ತುಗಳ ವ್ಯವಸ್ಥೆ ಜಾರಿಗೆ ಬಂದಿತು. ಎನ್. ಟಿ. ರಾಮರಾವ್ ಸರಕಾರ 1985ರಲ್ಲಿ ತಾಲೂಕುಗಳನ್ನು ಒಡೆದು ಚಿಕ್ಕ ಮಂಡಲಗಳನ್ನು ಮಾಡಿತು. 1986ರ ಕಾಯ್ದೆ ಮಂಡಲ ಪ್ರಜಾ ಪರಿಷತ್ತುಗಳಿಗೆ ರೂಪ ಕೊಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿಯ ಬಳಿಕ ಬಂದ 1994ರ ಪಂಚಾಯತ್ ರಾಜ್ ಕಾಯ್ದೆಯೇ ಈಗಲೂ ಇವುಗಳ ಆಧಾರ. ಹಳೆಯ ಆಲೂರು ತಾಲೂಕಿನ ಊರುಗಳು ಆಲೂರು, ಹಾಲಹರವಿ, ಹೊಳಗುಂದಿ ಮೊದಲಾದ ಮಂಡಲಗಳಿಗೆ ಹಂಚಿಹೋದವು. ಕಚೇರಿ ಹತ್ತಿರವಾಯಿತೆಂಬುದು ನಿಜ. ಒಟ್ಟಿಗಿದ್ದ ಕನ್ನಡಿಗರ ಸಂಖ್ಯಾಬಲ ಚದುರಿತೆಂಬುದೂ ಅಷ್ಟೇ ನಿಜ. 2022ರ ಏಪ್ರಿಲ್ 4ರಂದು ಕರ್ನೂಲು ಜಿಲ್ಲೆಯನ್ನು ಒಡೆದು ನಂದ್ಯಾಲ ಜಿಲ್ಲೆಯನ್ನು ಮಾಡಿದಾಗಲೂ ನಮ್ಮ ಕಡೆಯ ದೂರವೇನೂ ತಗ್ಗಲಿಲ್ಲ.

ಮಂಡಲ ಪರಿಷತ್ತಿನ ಕೈ ಎಷ್ಟು ಉದ್ದ

ಮಂಡಲ ಪರಿಷತ್ತಿನಲ್ಲಿ ನೇರವಾಗಿ ಚುನಾಯಿತರಾದ ಪ್ರಾದೇಶಿಕ ಕ್ಷೇತ್ರದ ಸದಸ್ಯರು ಇರುತ್ತಾರೆ, ಅವರನ್ನು ಎಂ.ಪಿ.ಟಿ.ಸಿ. ಎನ್ನುವುದು ರೂಢಿ. ಅವರೊಳಗಿಂದ ಅಧ್ಯಕ್ಷರ ಆಯ್ಕೆ. ಸರಕಾರದ ಕಡೆಯಿಂದ ಎಂ.ಪಿ.ಡಿ.ಓ. ಎಂಬ ಅಧಿಕಾರಿ. ಮಂಡಲಕ್ಕೊಬ್ಬರಂತೆ ಚುನಾಯಿತರಾದ ಜಡ್.ಪಿ.ಟಿ.ಸಿ. ಸದಸ್ಯರು ಜಿಲ್ಲಾ ಪರಿಷತ್ತಿನಲ್ಲಿ ಕೂಡುತ್ತಾರೆ. ಜಿಲ್ಲಾ ಪರಿಷತ್ತಿಗೆ ಯೋಜನೆ ಮತ್ತು ಹಣಕಾಸು, ಗ್ರಾಮೀಣಾಭಿವೃದ್ಧಿ, ಕೃಷಿ, ಶಿಕ್ಷಣ ಮತ್ತು ವೈದ್ಯಕೀಯ, ಮಹಿಳಾ ಕಲ್ಯಾಣ, ಸಮಾಜ ಕಲ್ಯಾಣ, ಕಾಮಗಾರಿ ಎಂಬ ಏಳು ಸ್ಥಾಯಿ ಸಮಿತಿಗಳುಂಟು.

ಸಂವಿಧಾನದ 11ನೆಯ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿಮಾಡಿದೆ. ಕುಡಿಯುವ ನೀರು, ಸಣ್ಣ ನೀರಾವರಿ, ಸಾಮಾಜಿಕ ಅರಣ್ಯ, ರಸ್ತೆ, ಮೋರಿ, ಸೇತುವೆ, ದೋಣಿದಾರಿ, ಶಾಲೆ ಎಲ್ಲವೂ ಅದರಲ್ಲಿವೆ. ಪಟ್ಟಿ ದೊಡ್ಡದು, ಥೈಲಿ ಚಿಕ್ಕದು. ಸಣ್ಣ ಖನಿಜಗಳ ಮೇಲಿನ ರಾಜಧನದಲ್ಲಿ (ಇಲ್ಲಿನ ಕಚೇರಿ ಮಾತಿನಲ್ಲಿ ಸೀನರೇಜಿ) ಪಾಲು, ತಲಾವಾರು ಅನುದಾನ, ಹಣಕಾಸು ಆಯೋಗದ ನಿಧಿ, ಇವಿಷ್ಟೇ ಮುಖ್ಯ ಆಧಾರ. 2019ರ ಅಕ್ಟೋಬರ್ 2ರಿಂದ ಗ್ರಾಮ ಸಚಿವಾಲಯಗಳು ಬಂದ ಮೇಲೆ ದಿನನಿತ್ಯದ ಅರ್ಜಿಗಳು ಅತ್ತ ಸರಿದು, ಮಂಡಲ ಪರಿಷತ್ತಿನ ಸಭೆ ಇಲಾಖೆಗಳ ವರದಿ ಓದುವ ಜಾಗವೆಂಬಂತಾಗಿದೆ ಎಂದು ಸದಸ್ಯರೇ ಗೊಣಗುತ್ತಾರೆ. ಆದರೂ ನೀರಾವರಿ, ವಿದ್ಯುತ್, ಶಿಕ್ಷಣ, ಆರೋಗ್ಯ ಇಲಾಖೆಗಳ ಅಧಿಕಾರಿಗಳು ಒಂದೇ ಕಡೆ ಕುಳಿತು ಊರಿನವರ ಪ್ರತಿನಿಧಿಗೆ ಉತ್ತರ ಕೊಡಬೇಕಾದ ಸಭೆ ನಮ್ಮ ಹತ್ತಿರದಲ್ಲಿ ಇದೊಂದೇ. ಅಲ್ಲಿ ಆದ ನಿರ್ಣಯ ದಾಖಲೆಯ ಪುಸ್ತಕಕ್ಕೆ ಏರುತ್ತದೆ. ಮುಂದಿನ ಯಾವ ಹೋರಾಟಕ್ಕೂ ಆ ಪುಟವೇ ಮೊದಲ ಸಾಕ್ಷಿ. ಈ ಕಾರಣಕ್ಕಾದರೂ ಸಭೆಯನ್ನು ಹಗುರವಾಗಿ ಕಾಣಬಾರದು.

ಹಗರಿ: ಮರಳಿನ ನದಿ

ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಹೊಳೆಗಳು ಕೂಡಿ ವೇದಾವತಿಯಾಗುತ್ತವೆ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ, ಅದರ ಕೆಳಗೆ ಅನಂತಪುರ ಜಿಲ್ಲೆಯ ಭೈರವಾನಿತಿಪ್ಪ ಜಲಾಶಯ. ಈ ಎರಡು ಕಟ್ಟೆಗಳನ್ನು ದಾಟಿ ಮಿಕ್ಕ ನೀರು ನಮ್ಮತ್ತ ಬಂದು, ಮುಂದೆ ಸಿರುಗುಪ್ಪ ಸೀಮೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಮಿಕ್ಕಿದ್ದೇ ಇಲ್ಲದ ವರ್ಷಗಳು ಹೆಚ್ಚು. ನದಿಯ ಚಿತ್ರ ಬರೆಯಿರೆಂದರೆ ನಮ್ಮ ತರಗತಿಯ ಮಕ್ಕಳು ನೀರಿನ ಬದಲು ಮರಳಿನ ಗುಡ್ಡೆಯನ್ನೂ ಅದರ ಪಕ್ಕದಲ್ಲೊಂದು ಟ್ರ್ಯಾಕ್ಟರನ್ನೂ ಬರೆಯುತ್ತಾರೆ. ತಪ್ಪೆಂದು ಕೆಂಪು ಶಾಯಿಯ ಗೆರೆ ಎಳೆಯಲು ನನಗೆ ಕೈ ಬಂದಿಲ್ಲ.

ಮರಳಿಗೂ ಈ ಸೀಮೆಗೂ ಹಳೆಯ ಸಂಬಂಧ. ಬೇಸಗೆಯ ಕೊನೆಗೂ ಮುಂಗಾರಿನ ಮೊದಲಿಗೂ ಬೀಸುವ ಪಡುವಣ ಗಾಳಿಗೆ ಒಣಗಿದ ಪಾತ್ರದ ಮರಳು ಎದ್ದು ಮೂಡಣ ದಂಡೆಯ ಹೊಲಗಳ ಮೇಲೆ ಹರಡುವುದು ಬಳ್ಳಾರಿ ಜಿಲ್ಲೆಗೆ ಬ್ರಿಟಿಷರ ಕಾಲದಿಂದಲೂ ಗೊತ್ತಿದ್ದ ತೊಂದರೆ. ಎರೆಮಣ್ಣಿನ ಹೊಲದ ಮೇಲೆ ಗೇಣುದ್ದ ಮರಳು ಬಿದ್ದರೆ ಹತ್ತಿಯೂ ಇಲ್ಲ, ಜೋಳವೂ ಇಲ್ಲ. ಮರಳನ್ನು ತಡೆಯಲೆಂದೂ ಸೌದೆಗೆಂದೂ ಹರಡಿದ ಮುಳ್ಳಿನ ಗಿಡವನ್ನು ಇಡೀ ಕನ್ನಡನಾಡು ಬಳ್ಳಾರಿ ಜಾಲಿ ಎನ್ನುತ್ತದೆ. ನಮ್ಮಲ್ಲಿ ತೆಲುಗು ನೆರೆಯವರು ಅದನ್ನೇ ಸರ್ಕಾರು ತುಮ್ಮ ಎನ್ನುವರು. ಈಗ ಅದೇ ಗಿಡ ಕೆರೆಯಂಗಳ, ಹಳ್ಳದ ದಂಡೆ, ಕಾಲುವೆಯ ಬದಿಗಳನ್ನು ಆವರಿಸಿದೆ.

ಪಾತ್ರದಲ್ಲಿ ಮರಳು ಇರುವುದೂ ಬೇಕು. ಮೇಲೆ ನೀರು ಕಾಣದಿದ್ದರೂ ಮರಳಿನೊಳಗೆ ನಿಲ್ಲುವ ನೀರೇ ದಂಡೆಯ ಊರುಗಳ ಬಾವಿ, ಬೋರುಗಳಿಗೆ ಆಸರೆ. ಮರಳನ್ನು ಆಳಕ್ಕೆ ತೋಡಿದಷ್ಟೂ ಆ ಒರತೆ ಕೆಳಗಿಳಿಯುತ್ತದೆ. ಮರಳು ಸಾಗಣೆಯನ್ನು ಕುರಿತು ಇಲ್ಲಿ ಸ್ಪಷ್ಟವಾಗಿ ತಿಳಿದಿರಬೇಕಾದುದು ಎರಡು ಸಂಗತಿ. ಆಂಧ್ರ ಸರಕಾರ 2024ರ ಜುಲೈ 8ರಿಂದ ಉಚಿತ ಮರಳು ನೀತಿಯನ್ನು ತಂದಿದೆ. ಆದರೆ ಮರಳನ್ನು ರಾಜ್ಯದ ಹೊರಗೆ ಒಯ್ಯುವಂತಿಲ್ಲ. ಇನ್ನು 2002ರ ನೀರು, ಭೂಮಿ ಮತ್ತು ವೃಕ್ಷಗಳ ಕಾಯ್ದೆ, ಅಂದರೆ ವಾಲ್ಟಾ. ಅಂತರ್ಜಲಕ್ಕೆ ಧಕ್ಕೆ ತರುವ ಮರಳುಗಾರಿಕೆ, ಬೋರು ಕೊರೆಯುವಿಕೆ, ಮರ ಕಡಿಯುವಿಕೆಗಳ ನಿಯಂತ್ರಣ ಇದರ ವ್ಯಾಪ್ತಿ. ರಾಜ್ಯ, ಜಿಲ್ಲೆಗಳ ಜೊತೆಗೆ ಮಂಡಲ ಮಟ್ಟಕ್ಕೂ ಪ್ರಾಧಿಕಾರವೊಂದನ್ನು ಈ ಕಾಯ್ದೆ ಹೇಳಿದೆ. ದೂರು ಕೊಡುವವರು ವಾಲ್ಟಾ ಎಂಬ ಪದವನ್ನು ಅರ್ಜಿಯಲ್ಲಿ ಬರೆದರೆ ಅದಕ್ಕೆ ಬೇರೆಯೇ ತೂಕ ಬರುತ್ತದೆ. ನದಿಯ ಒಂದು ದಂಡೆಗೆ ಮಾತ್ರ ಈ ಕಾಯ್ದೆ ಅನ್ವಯ ಎಂಬುದು ಇದರ ಕೊರತೆ. ಆಚೆ ದಂಡೆಗೆ ಕರ್ನಾಟಕದ ನಿಯಮ. ಒಂದೇ ಪಾತ್ರದ ಮರಳಿಗೆ ಎರಡು ಕಾನೂನು, ಇಬ್ಬರು ತಹಶೀಲ್ದಾರರು. ಹೊಳೆಗೆ ಮಾತ್ರ ಗಡಿ ಗೊತ್ತಿಲ್ಲ.

ಗುಳ್ಯಂ ಬಳಿ ವೇದಾವತಿಯಿಂದ ನೀರೆತ್ತಿ ಆಲೂರು ಕ್ಷೇತ್ರದ ಸುಮಾರು 80 ಸಾವಿರ ಎಕರೆಗೆ ಒದಗಿಸುವ ಏತ ನೀರಾವರಿ ಯೋಜನೆಯ ಮಾತು ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ಗಡಿಲಿಂಗೇಶ್ವರನ ಜಾತ್ರೆಗೆ ಎರಡೂ ರಾಜ್ಯಗಳ ಭಕ್ತರು ಸೇರುವ ಊರದು. ನೀರು ಮಾತ್ರ ಇನ್ನೂ ಮೇಲೇರಿಲ್ಲ.

ಕಂಬವೊಂದು ಕುಸಿದಾಗ

ಈ ಸೀಮೆಗೆ ಖಾತ್ರಿಯಾದ ನೀರೆಂದರೆ ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆ, ಎಲ್ಲರೂ ಹೇಳುವ ಎಲ್.ಎಲ್.ಸಿ. ಹೊಸಪೇಟೆಯಿಂದ ಹೊರಟು ಸುಮಾರು 250 ಕಿಲೋಮೀಟರು ಸಾಗಿದ ಮೇಲೆ ಅದು ಆಂಧ್ರದ ಪಾಲಿನದಾಗುತ್ತದೆ. ಕರ್ನೂಲು ಜಿಲ್ಲೆಯಲ್ಲಿ ಇದರ ಅಚ್ಚುಕಟ್ಟು ಸುಮಾರು 1.51 ಲಕ್ಷ ಎಕರೆ. ನೀರಿನ ಹಂಚಿಕೆ, ಅಣೆಕಟ್ಟು, ಎರಡು ರಾಜ್ಯಗಳಿಗೂ ಸೇರಿದ ಕಾಲುವೆಯ ಭಾಗ ಇವು 1953ರಿಂದ ತುಂಗಭದ್ರಾ ಮಂಡಳಿಯ ಕೈಯಲ್ಲಿವೆ. ಮಂಡಲ ಪರಿಷತ್ತಾಗಲಿ, ಜಿಲ್ಲಾ ಪರಿಷತ್ತಾಗಲಿ ಒಂದು ಕ್ಯೂಸೆಕ್ ನೀರನ್ನೂ ತಾನಾಗಿ ಬಿಡಿಸಲಾರದು. ನಿರ್ಣಯ ಮಾಡಿ ಕಳಿಸಬಹುದು.

2022ರಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಆ ವರ್ಷದ ಮಳೆಗೆ ವಾಣಿವಿಲಾಸ ಸಾಗರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಿತು. 1933ರ ನಂತರ ಅದೇ ಮೊದಲು. ದಶಕಗಳಿಂದ ಮರಳಾಗಿದ್ದ ಹಗರಿ ದಂಡೆಯುದ್ದಕ್ಕೂ ತುಂಬಿ ಹರಿಯಿತು. ಬಳ್ಳಾರಿ ತಾಲೂಕಿನ ಬೈರದೇವನಹಳ್ಳಿಯ ಬಳಿ ಎಲ್.ಎಲ್.ಸಿ.ಯನ್ನು ನದಿಯ ಮೇಲಿಂದ ದಾಟಿಸುವ ಕಾಲುವೆ ಸೇತುವೆ ಇದೆ. ಪ್ರವಾಹದ ಹೊಡೆತಕ್ಕೆ ಅದರ 15ನೆಯ ಕಂಬ ಕುಸಿಯಿತು. ಹಿಂಗಾರಿನ ಹೊತ್ತಿಗೆ ಕಾಲುವೆ ನಿಂತಿತು. ಆಗಿನ ಕರ್ನಾಟಕದ ಸಚಿವ ಬಿ. ಶ್ರೀರಾಮುಲು ಸ್ಥಳದಲ್ಲೇ ರಾತ್ರಿ ತಂಗಿ ದುರಸ್ತಿಯ ಉಸ್ತುವಾರಿ ನೋಡಿದುದು ಸುದ್ದಿಯಾಯಿತು. ನವೆಂಬರಿನಲ್ಲಿ ನೀರು ಮರಳಿ ಹರಿಯಿತು.

ಆ ಕಂಬ ನಿಂತಿದ್ದುದು ಕರ್ನಾಟಕದ ನೆಲದಲ್ಲಿ. ಅದರ ಮೇಲೆ ಹರಿಯುತ್ತಿದ್ದ ನೀರಿನಲ್ಲಿ ಆಂಧ್ರದ ಪಾಲೂ ಇತ್ತು. ಅದನ್ನು ಕೆಡವಿದ ಪ್ರವಾಹ ಬಂದದ್ದು ಚಿತ್ರದುರ್ಗದ ಕಡೆಯಿಂದ. ಒಣಗಿದುದು ಎರಡೂ ಕಡೆಯ ಪೈರು. ಇಂಥ ಕೂಡುಕಷ್ಟದ ಹೊತ್ತಿನಲ್ಲಿ ಬಳ್ಳಾರಿ ಮತ್ತು ಕರ್ನೂಲು ಜಿಲ್ಲೆಗಳ ಸ್ಥಳೀಯ ಸಂಸ್ಥೆಗಳು ಒಂದೇ ಮೇಜಿನ ಸುತ್ತ ಕೂಡಲು ಯಾವ ಏರ್ಪಾಟೂ ಇಲ್ಲ. ಎಲ್ಲವೂ ಬೆಂಗಳೂರು, ಅಮರಾವತಿಗಳ ಮೂಲಕ ಸುತ್ತಿಬರಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ತೂಬಿನ ಗೇಟು ಕೊಚ್ಚಿಹೋದಾಗ ಆತಂಕ ಮತ್ತೆ ಮರುಕಳಿಸಿತು. 133 ಟಿ.ಎಂ.ಸಿ. ಹಿಡಿಯಬಲ್ಲ ಜಲಾಶಯವೆಂದು ಕಟ್ಟಿದ್ದು ಹೂಳಿನಿಂದಾಗಿ ಈಗಾಗಲೇ 105.788 ಟಿ.ಎಂ.ಸಿ.ಗೆ ಇಳಿದಿದೆ, 2025ರ ಮುಂಗಾರಿನಲ್ಲಿ 33 ಗೇಟುಗಳ ಸ್ಥಿತಿ ನೋಡಿ ಸಂಗ್ರಹವನ್ನು 80 ಟಿ.ಎಂ.ಸಿ.ಯ ಸುತ್ತ ಮಿತಿಗೊಳಿಸಲಾಯಿತು. ನೀರು ಕಡಿಮೆಯಾದ ವರ್ಷ ಮೊದಲು ಕೊರಗುವುದು ಕಾಲುವೆಯ ಕೊನೆಯ ಭಾಗ. ಇಲ್ಲಿ ಕನ್ನಡಿಗರಾದ ನಾವು ಒಂದು ಕಹಿ ಸತ್ಯವನ್ನು ಒಪ್ಪಲೇಬೇಕು: ಮೇಲ್ಭಾಗದಲ್ಲಿ ಪಂಪು ಇಟ್ಟು ನೀರೆತ್ತುವವನೂ ಕನ್ನಡಿಗ, ಕೆಳಗೆ ಬಾಯಾರಿ ಕೂರುವವನೂ ಬಹುಮಟ್ಟಿಗೆ ಕನ್ನಡಿಗ. ಭಾಷೆಯ ಹೆಸರಿನಲ್ಲಿ ಬಳ್ಳಾರಿಯ ವೇದಿಕೆಯಿಂದ ನಮಗೆ ಸಿಗುವ ಚಪ್ಪಾಳೆ ಕಾಲುವೆಯಲ್ಲಿ ಹರಿದು ಬರುವುದಿಲ್ಲ.

ಬೆಳೆ ಕೈಕೊಟ್ಟ ವರ್ಷ ಗುಳೇ ಹೊರಡುತ್ತಾರೆ. ಗುಂಟೂರಿನ ಮೆಣಸಿನಕಾಯಿ ಹೊಲಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗುವವರ ಜೊತೆ ಮಕ್ಕಳೂ ಹೋಗುತ್ತಾರೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ತಲೆ ಎಣಿಕೆ ತಗ್ಗುತ್ತದೆ; ತಗ್ಗಿದ ಎಣಿಕೆಯನ್ನೇ ತೋರಿಸಿ ಹುದ್ದೆಯನ್ನು ಬೇರೆಡೆಗೆ ಸರಿಸಲಾಗುತ್ತದೆ. ನೀರಿನ ಪ್ರಶ್ನೆ ಭಾಷೆಯ ಪ್ರಶ್ನೆಯಾಗುವುದು ಹೀಗೆ.

ರಸ್ತೆ ಮತ್ತು ಬಸ್ಸು

ಹಗರಿಯ ಬಳಿ 67ನೆಯ ರಾಷ್ಟ್ರೀಯ ಹೆದ್ದಾರಿಯಿಂದ ಕವಲೊಡೆದು ಆಲೂರು, ಆದೋನಿಗಳ ಮೂಲಕ ಮಂತ್ರಾಲಯ, ರಾಯಚೂರುಗಳತ್ತ ಸಾಗುವ 167ನೆಯ ಹೆದ್ದಾರಿ ಈ ಭಾಗದ ಬೆನ್ನೆಲುಬು. ಹೆದ್ದಾರಿಯ ದುರಸ್ತಿ ಕೇಂದ್ರದ ನಿಧಿಯಿಂದ. ಮಂಡಲದಿಂದ ಮಂಡಲಕ್ಕೆ ಹೋಗುವ ದೊಡ್ಡ ರಸ್ತೆಗಳು ರಸ್ತೆ ಮತ್ತು ಕಟ್ಟಡ ಇಲಾಖೆಯವು. ಊರ ರಸ್ತೆಗಳು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವು. ಅರ್ಜಿ ಬರೆಯುವ ಮುನ್ನ ಗುಂಡಿ ಯಾರದೆಂದು ತಿಳಿಯುವುದು ಅಗತ್ಯ. ಇಲ್ಲವಾದರೆ ಮೂರು ಕಚೇರಿಗಳೂ ಒಂದನ್ನೊಂದು ತೋರಿಸುತ್ತವೆ.

ಬಸ್ಸಿನ ವಿಷಯದಲ್ಲಿ ಗಡಿ ಇನ್ನೂ ಗಟ್ಟಿ. ಎರಡು ರಾಜ್ಯಗಳ ನಡುವೆ ಓಡುವ ಬಸ್ಸಿಗೆ 1988ರ ಮೋಟಾರು ವಾಹನ ಕಾಯ್ದೆಯಂತೆ ಪರಸ್ಪರ ಒಪ್ಪಂದ ಬೇಕು. ಆಂಧ್ರದ ಸಾರಿಗೆ ಸಂಸ್ಥೆಯಾಗಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಗಲಿ ಊರವರು ಕೇಳಿದೊಡನೆ ಹೊಸ ಮಾರ್ಗ ಆರಂಭಿಸುವಂತಿಲ್ಲ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಅದು ಕರ್ನಾಟಕದ ನಿವಾಸಿ ಮಹಿಳೆಯರಿಗೆ. ಆಂಧ್ರದ ಸ್ತ್ರೀ ಶಕ್ತಿ ಯೋಜನೆ 2025ರ ಆಗಸ್ಟ್ 15ರಂದು ಬಂದಿತು. ಅದು ಅಂತರರಾಜ್ಯ ಸೇವೆಗಳಿಗೆ ಅನ್ವಯಿಸದು. ಹಾಲಹರವಿಯ ತಾಯಿ ಕರ್ನೂಲಿಗೆ ಪಲ್ಲೆ ವೆಲುಗು ಬಸ್ಸು ಬದಲಿಸುತ್ತ ಉಚಿತವಾಗಿ ಹೋಗಬಹುದು. ಹತ್ತಿರದ ಬಳ್ಳಾರಿಯ ಆಸ್ಪತ್ರೆಗೆ ಹೋಗಲು ಟಿಕೆಟು ಕೊಳ್ಳಬೇಕು. ಯಾರ ದ್ವೇಷದಿಂದಲೂ ಹೀಗಾದದ್ದಲ್ಲ. ಎರಡೂ ಯೋಜನೆಗಳನ್ನು ಬರೆದವರ ಕಣ್ಣಿಗೆ ಗಡಿಯ ಊರು ಬಿದ್ದಿರಲಿಲ್ಲ, ಅಷ್ಟೆ.

ವಲಯ ಪರಿಷತ್ತು ಮತ್ತು ಒಂದು ವಾಕ್ಯ

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ದೇಶದಲ್ಲಿ ಐದು ವಲಯ ಪರಿಷತ್ತುಗಳನ್ನು ಸ್ಥಾಪಿಸಿತು. ದಕ್ಷಿಣ ವಲಯ ಪರಿಷತ್ತಿನಲ್ಲಿ ಆಂಧ್ರ, ಕರ್ನಾಟಕ, ಕೇರಳ, ತಮಿಳುನಾಡು, ತೆಲಂಗಾಣ, ಪುದುಚೇರಿ ಸೇರಿವೆ. ಕೇಂದ್ರ ಗೃಹಮಂತ್ರಿ ಅದರ ಅಧ್ಯಕ್ಷರು. ಇದು ಸಲಹೆ ಕೊಡುವ ಸಂಸ್ಥೆ, ಆಜ್ಞೆ ಮಾಡುವುದಲ್ಲ. ಆದರೆ ಅದು ಏನನ್ನು ಚರ್ಚಿಸಬಹುದೆಂದು ಹೇಳುವ 21ನೆಯ ಕಲಮು ನಮ್ಮಂಥವರಿಗಾಗಿಯೇ ಬರೆದಂತಿದೆ: ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ ಈ ಮೂರನ್ನೂ ಅದು ಒಂದೇ ಉಪಕಲಮಿನಲ್ಲಿ ಜೋಡಿಸಿದೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳ ಬಗ್ಗೆ 1959ರಲ್ಲಿ ಒಮ್ಮತದ ತೀರ್ಮಾನಗಳನ್ನು ಮಾಡಿದುದು ಇದೇ ದಕ್ಷಿಣ ಪರಿಷತ್ತು. ಇತ್ತೀಚಿನ ವರ್ಷಗಳಲ್ಲಿ 2021ರ ನವೆಂಬರಿನಲ್ಲಿ ತಿರುಪತಿಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ತಿರುವನಂತಪುರದಲ್ಲಿ ಅದು ಸಭೆ ಸೇರಿದೆ. ಇಂಥ ಸಭೆಯ ವಿಷಯಪಟ್ಟಿಗೆ ಹಾಲಹರವಿಯ ಬಸ್ಸು ಏರಬೇಕಾದರೆ ಅದು ರಾಜ್ಯ ಸರಕಾರದ ಮೂಲಕವೇ ಹೋಗಬೇಕು. ರಾಜ್ಯಕ್ಕೆ ತಲುಪಲು ಜಿಲ್ಲಾ ಪರಿಷತ್ತಿನ ನಿರ್ಣಯ ಬೇಕು. ಜಿಲ್ಲೆಗೆ ತಲುಪಲು ಮಂಡಲದ ದಾಖಲೆಯ ಪುಸ್ತಕದಲ್ಲಿ ಒಂದು ಪುಟ ಬೇಕು.

ಆ ಪುಟವನ್ನು ಕನ್ನಡದ ಅರ್ಜಿಯಿಂದಲೇ ಆರಂಭಿಸಬಹುದು. ಯಾವ ಅಧಿಕಾರಿಗಾದರೂ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ತಾಲೂಕಿನಂಥ ಘಟಕವೊಂದರಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ಕ್ಕೆ ಕಡಿಮೆಯಿಲ್ಲದಿದ್ದರೆ ಮುಖ್ಯ ನಿಯಮ, ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂಬುದು ರಾಜ್ಯಗಳು ಒಪ್ಪಿಕೊಂಡ ರಕ್ಷಣೆಗಳಲ್ಲೊಂದು. 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣವನ್ನು ಹೇಳುತ್ತದೆ; ತರಗತಿಗೆ 10 ಅಥವಾ ಶಾಲೆಗೆ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಲೆಕ್ಕವೂ ಇದೆ. ಗುಳೇ ಹೋದ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯುವ ಮುನ್ನ ಶಾಲೆಗಳು ಈ ಲೆಕ್ಕವನ್ನು ನೆನೆಯಬೇಕು.

ಇನ್ನೊಂದು ಬಾಗಿಲು ಇದುವರೆಗೆ ನಾವು ತಟ್ಟದೇ ಬಿಟ್ಟಿರುವುದು. ಮಂಡಲ ಪರಿಷತ್ತಿಗೆ ಅಲ್ಪಸಂಖ್ಯಾತರೊಬ್ಬರನ್ನು, ಜಿಲ್ಲಾ ಪರಿಷತ್ತಿಗೆ ಇಬ್ಬರನ್ನು ಸಹ-ಆಯ್ಕೆ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಅಲ್ಪಸಂಖ್ಯಾತ ಎಂಬ ಪದಕ್ಕೆ ಸಂವಿಧಾನದ 30ನೆಯ ವಿಧಿ ಮತ ಹಾಗೂ ಭಾಷೆ ಎರಡನ್ನೂ ಆಧಾರವಾಗಿ ಹಿಡಿದಿದೆ. ಮಂಡಲದ ಮತದಾರರಾದ ಕನ್ನಡಿಗರು ಆ ಸ್ಥಾನಕ್ಕೆ ನಾಮಪತ್ರ ಸಲ್ಲಿಸಿ ತಮ್ಮ ಹಕ್ಕನ್ನು ಮಂಡಿಸಬೇಕೆಂಬುದು ಈ ಲೇಖಕನ ಅಭಿಪ್ರಾಯ. ಸಹ-ಆಯ್ಕೆ ನಡೆಯುವುದು ಮಂಡಲ ಅಧ್ಯಕ್ಷರ ಆಯ್ಕೆಯ ದಿನವೇ, ಅದಕ್ಕೆ ಮೊದಲು. ನಾಮಪತ್ರಕ್ಕೆ ಸಿಗುವುದು ಆ ದಿನದ ಬೆಳಗಿನ ಕೆಲವೇ ಗಂಟೆಗಳು. ಹಿಂದಿನ ಚುನಾವಣೆಯ ಮತದಾನ 2021ರ ಏಪ್ರಿಲ್ 8ರಂದು ನಡೆದು, ಎಣಿಕೆ ಸೆಪ್ಟೆಂಬರ್ 19ಕ್ಕೆ ಮುಗಿದು, ಅದೇ ತಿಂಗಳಲ್ಲಿ ಪರಿಷತ್ತುಗಳು ರಚನೆಯಾದವು. ಅವುಗಳ ಐದು ವರ್ಷದ ಅವಧಿ 2026ರ ಸೆಪ್ಟೆಂಬರಿಗೆ ಮುಗಿಯುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು, ವಯಸ್ಸಿನ ಪುರಾವೆ, ಮಾತೃಭಾಷೆ ಕನ್ನಡವೆಂದು ತೋರಿಸುವ ಶಾಲಾ ದಾಖಲೆ ಇವನ್ನು ಈಗಲೇ ಸಿದ್ಧಮಾಡಿಕೊಳ್ಳಬಹುದು.